ಮುದ್ರೆ ಬೀಳದ ಓಟು

ನಮ್ಮ ಮಾವಿನಕುರ್ವೆ ಹೊಳೆಯೊಳಗಿನ ನಡುಗಡ್ಡೆ. ದೋಣಿ ಬಿಟ್ಟರೆ ಬೇರೆ ದಾರಿಯಿಲ್ಲ. ಹೆರಿಗೆ ನೋವು ಶುರುವಾದರೆ ಹೊಳೆ ದಾಟಿ ಹೊನ್ನಾವರಕ್ಕೆ ಹೋಗಬೇಕು. ಮಳೆಗಾಲದಲ್ಲಂತೂ ದೇವರೇ ಗತಿ.

ಕುರ್ವೆಗೊಬ್ಬ ನರ್ಸ್ ಬೇಕೆಂದು ಮೊದಲು ದನಿ ಎತ್ತಿದವರು ಪಾದ್ರಿ ಬಸ್ತ್ಯಾಂವ ಸಿದ್ದಿ. ಘಟ್ಟದ ಮೇಲಿನ ಕಾಡಿನವರು. ತಮ್ಮ ಸಿದ್ದಿ ಜನರಲ್ಲಿ ಬಿ.ಎ. ಮಾಡಿದ ಮೊದಲಿಗರು. ಹಿರಿಯರನ್ನು ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದ ಕಥೆಯನ್ನು ಪುಸ್ತಕವಾಗಿ ಬರೆದವರು. ನನಗೆ ಅಕ್ಷರ ಕಲಿಸಿದವರೂ ಅವರೇ. ನಮ್ಮವರು ಅವರಿಂದ ಅರ್ಜಿ ಬರೆಸಿಕೊಳ್ಳುತ್ತಿದ್ದರು, ಬೆನ್ನ ಹಿಂದೆ ‘ಕರಿ ಪಾದ್ರಿ’ ಎಂದು ನಗುತ್ತಿದ್ದರು. ನಾಚಿಕೆಯಾಗಬೇಕು ನಮಗೆ!

೧೯೬೨ರ ಚುನಾವಣೆಗೆ ಅವರೇ ನಿಂತರು. ತಕ್ಕಡಿ ಗುರುತು. ಓಟಿಗೆ ವಾರವಿರುವಾಗ ಒಂದು ಹಾಳೆ, ಒಂದು ರಬ್ಬರ್ ಮುದ್ರೆ ಹಿಡಿದು ನಮ್ಮ ನೆರೆಮನೆಗೆ ಬಂದರು. ಮಾಸ್ತಿಯಣ್ಣ ಅಂಗಳದಲ್ಲಿ ಬಲೆ ಸರಿಮಾಡುತ್ತಿದ್ದ.

“ಮಾಸ್ತಿ, ಈ ಸಲ ಗುರುತಿಗೊಂದು ಪೆಟ್ಟಿಗೆ ಇಲ್ಲ. ಎಲ್ಲರಿಗೂ ಒಂದೇ ಪೆಟ್ಟಿಗೆ. ಚೀಟಿಯಲ್ಲಿ ಗುರುತಿನ ಎದುರು ಮುದ್ರೆ ಒತ್ತಬೇಕು. ಬಾ, ಒತ್ತಿ ನೋಡು.”

“ಎಂತ ಪಾದ್ರಿಗಳೇ, ಎರಡು ಸಲ ಓಟು ಹಾಕಿದವ್ನಿಗೆ ಈಗ ಬಾಲಪಾಠವಾ? ನಿಮ್ಗೇ ಹಾಕ್ತೆ, ಆತಲ್ಲ!”

“ಒಂದ್ಸಲ ನೋಡಾದ್ರೂ ನೋಡು ಮಾಸ್ತಿಯಣ್ಣ,” ಎಂದೆ ನಾನು.

“ನೀ ಸುಮ್ನಿರೆ ಮಹಾಲಕ್ಷ್ಮೀ. ಕಾಡಿಂದ ಬಂದವ್ರ ಹತ್ರ ಓಟು ಹಾಕೂದ ಕಲೀಬೇಕಾ ನಾವು?”

ಅಂಗಳದಲ್ಲಿದ್ದವರೆಲ್ಲ ನಕ್ಕರು. ಪಾದ್ರಿಗಳ ಮುಖ ಸಣ್ಣದಾಯಿತು. ಹಾಳೆ ಮಡಚಿಕೊಂಡು ಮುಂದಿನ ಮನೆಗೆ ಹೋದರು. ಅಲ್ಲೂ ಅದೇ ಮಾತು.

ಓಟಿನ ದಿನ ಮಾಸ್ತಿಯಣ್ಣ ಮಿಂದು, ಅಬ್ಬಲಿಗೆ ಹೂ ಹಿಡಿದು ಹೋದ. ೫೭ರಲ್ಲಿ ಅವನು ತನ್ನ ಗುರುತಿನ ಪೆಟ್ಟಿಗೆಗೆ ಹೂವಿಟ್ಟು ಕೈಮುಗಿದೇ ಓಟು ಹಾಕಿದ್ದು. ಈ ಸಲ ಚೀಟಿಯೊಳಗೇ ಹೂವಿಟ್ಟು ಮಡಚಿ, ‘ತಕ್ಕಡಿಗೆ’ ಎಂದು ಮನಸ್ಸಿನಲ್ಲೇ ಹೇಳಿಕೊಂಡು ಪೆಟ್ಟಿಗೆಗೆ ಹಾಕಿದ. ಮುದ್ರೆ ಮುಟ್ಟಲೇ ಇಲ್ಲ. ಕುರ್ವೆಯ ಮುಕ್ಕಾಲು ಜನ ಮುದ್ರೆ ಒತ್ತದೆಯೇ ಬಂದರು.

ಪಾದ್ರಿಗಳು ಮೂವತ್ತೊಂದು ಓಟಿನಿಂದ ಸೋತರು. ನಮ್ಮ ಕುರ್ವೆಯದೇ ಇನ್ನೂರಕ್ಕೂ ಹೆಚ್ಚು ಚೀಟಿ ಮುದ್ರೆಯಿಲ್ಲವೆಂದು ತಿರಸ್ಕಾರವಾಗಿದ್ದವು. ಗೆದ್ದವರು ಈ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ಮರುವರ್ಷ ಮಳೆಗಾಲದಲ್ಲಿ ಮಾಸ್ತಿಯಣ್ಣನ ಮಗಳು ಗಣಪಿ ಹೆರಿಗೆಗೆ ತವರಿಗೆ ಬಂದಿದ್ದಳು. ನೋವು ಬಂದ ದಿನ ಹೊಳೆ ಕೆಂಪಾಗಿ ಉಕ್ಕುತ್ತಿತ್ತು. ದೋಣಿ ಆಚೆ ದಡ ಮುಟ್ಟುವಷ್ಟರಲ್ಲಿ ತಾಯಿಯೂ ಇಲ್ಲ, ಮಗುವೂ ಇಲ್ಲ. ಸುದ್ದಿ ತಿಳಿದು ಪಾದ್ರಿಗಳು ಓಡಿ ಬಂದರು.

“ನನ್ನ ಮಗ್ಳನ್ನ ನಾನೇ ಕೊಂದೆ ಪಾದ್ರಿಗಳೇ,” ಎಂದು ಮಾಸ್ತಿಯಣ್ಣ ಎದೆ ಬಡಿದುಕೊಂಡ.

ಅವರು ಸಮಾಧಾನ ಹೇಳಲಿಲ್ಲ. “ಅಳು ಮಾಸ್ತಿ. ಅತ್ತಾದ ಮೇಲೆ ಮುದ್ರೆ ಒತ್ತುವುದನ್ನು ಕಲಿ,” ಎಂದರು.

ಈಗ ೬೭ರ ಚುನಾವಣೆ ಬಂದಿದೆ. ನರ್ಸ್ ಇನ್ನೂ ಬಂದಿಲ್ಲ. ಪಾದ್ರಿಗಳು ಹೋದ ವರ್ಷ ತೀರಿಕೊಂಡರು. ಮಾಸ್ತಿಯಣ್ಣ ಹೆಂಡತಿ, ಸೊಸೆ, ಮಗ ಎಲ್ಲರನ್ನೂ ಕೂರಿಸಿ ಹಾಳೆಯ ಮೇಲೆ ಮುದ್ರೆ ಒತ್ತಿಸಿದ್ದಾನೆ. ಊರೆಲ್ಲ ತಿರುಗಿ ಕಲಿಸುತ್ತಿದ್ದಾನೆ. “ನಂಗೆ ಗೊತ್ತು ಅಂದವ್ರ ಮನೆಗೇ ಮೊದ್ಲು ಹೋಗ್ತೆ,” ಎನ್ನುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಚೀಟಿ ಬಿಡಿಸಿ. ನಿಮ್ಮ ಗುರುತು ಹುಡುಕಿ ಅದರ ಎದುರು ಒಂದೇ ಸಲ ಒತ್ತಿ. ಶಾಯಿ ಆರಿದ ಮೇಲೆ ಮಡಚಿ ಹಾಕಿ. ಗೊತ್ತಿಲ್ಲದಿದ್ದರೆ ಕೇಳಿ, ಕಲಿಸುವವರು ಯಾರಾದರೂ ಸರಿ. ಅವರ ಬಣ್ಣ ನೋಡುತ್ತ ಕೂತರೆ ಏನಾಗುತ್ತದೆಂದು ಮಾಸ್ತಿಯಣ್ಣನನ್ನು ಕೇಳಿ.