ಹಿಮ್ಮಡಿಯ ಗುಂಡಿ

ಎಡಗಾಲಿನ ಚಪ್ಪಲಿಯ ಪಟ್ಟಿ ಮತ್ತೆ ಜಾರಿತು. ಬಾಯಲ್ಲಿ ಕಚ್ಚಿಕೊಂಡಿದ್ದ ದಬ್ಬಳ ತೆಗೆದು ಅವನು ಪಟ್ಟಿಗೆ ಇನ್ನೊಂದು ತೂತು ಹೊಡೆದ.

"ಭಾವ, ಸಾಕು ಬಿಡಿ. ವ್ಯಾನಿನವನು ಹಾರನ್ ಹೊಡೀತಿದಾನೆ," ಎಂದಳು ಸತ್ತವಳ ತಂಗಿ.

"ಹೊಡೀಲಿ."

"ಅವಳೇನು ನಡ್ಕೊಂಡು ಹೋಗ್ತಾಳಾ?"

ಅವನು ಪಟ್ಟಿಯನ್ನು ಮತ್ತೆ ಬಿಗಿದ. ಕಂಡವರ ಕಾಲಿಗೆಲ್ಲ ಚಪ್ಪಲಿ ಹೊಲಿದು ಬದುಕಿದವನು. ಹೆಂಡತಿಯನ್ನು ಬರಿಗಾಲಲ್ಲಿ ಕಳಿಸಲು ಮನಸ್ಸು ಒಪ್ಪುತ್ತಿರಲಿಲ್ಲ. ಆದರೆ ಪಟ್ಟಿಯನ್ನು ತಡೆದು ನಿಲ್ಲಿಸಬೇಕಾದ ಹಿಮ್ಮಡಿಯೇ ಅಲ್ಲಿರಲಿಲ್ಲ. ಎರಡು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅದನ್ನು ಕೆತ್ತಿ ತೆಗೆದು, ತೊಡೆಯ ಚರ್ಮ ತಂದು ಹೊದಿಸಿದ್ದರು. ಆ ಚರ್ಮ ಇಷ್ಟು ದಿನವಾದರೂ ನೆಂಟರ ಮನೆಗೆ ಬಂದಂತೆ ಮುದುಡಿಕೊಂಡೇ ಕೂತಿತ್ತು.

ಬಾಗಿಲ ಬಳಿ ಛತ್ರಿ ರಿಪೇರಿಯವನು ನಿಂತಿದ್ದ. ಬೀದಿಯಲ್ಲಿ ಇಬ್ಬರದೂ ಅಕ್ಕಪಕ್ಕದ ಗೂಡಂಗಡಿ. ಅವನು ದನಿ ತಗ್ಗಿಸಿ ಪಕ್ಕದವರಿಗೆ ಹೇಳುತ್ತಿದ್ದ: "ನನ್ನ ಬೂಟು ಕೊಟ್ಟು ಮಳೆಗಾಲ ಕಳೀತು. ಕೇಳಿದಾಗೆಲ್ಲ ನಾಳೆ ಬಾ ಅಂತಾನೆ, ಪುಣ್ಯಾತ್ಮ. ಹೆಂಡತಿ ಚಪ್ಪಲಿ ಮಾತ್ರ ಯಾವತ್ತೂ ನಾಳೆಗೆ ಇಟ್ಟೋನಲ್ಲ ನೋಡಿ."

ಒಳ್ಳೆಯ ಮಾತೇ. ಆದರೂ ದಬ್ಬಳ ಹಿಡಿದ ಅವನ ಕೈ ನಿಂತಿತು.

"ಏಳಿ ಭಾವ," ಎಂದು ನಾದಿನಿ ತೋಳು ಹಿಡಿದಳು. ಅವಳು ಬಲಗಾಲನ್ನು ಪೂರ್ತಿ ಊರುತ್ತಿಲ್ಲ ಎಂಬುದು ಆಗಲೇ ಅವನ ಕಣ್ಣಿಗೆ ಬಿದ್ದದ್ದು. ಹೆಣ ಹೊರುವವರು ಒಳಗೆ ಬಂದರು.

*

ಹೆಂಡತಿಯದು ಲಾಂಡ್ರಿಯಲ್ಲಿ ಇಸ್ತ್ರಿ ಹಾಕುವ ಕೆಲಸವಾಗಿತ್ತು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಒಂದು ಸಂಜೆ ಮನೆಗೆ ಬಂದವಳೇ ಕಾಲು ಚಾಚಿದಳು.

"ಏನೋ ಒತ್ತುತ್ತೆ ರೀ, ಕಲ್ಲಿನ ಮೇಲೆ ನಿಂತ ಹಾಗೆ."

ಹಿಮ್ಮಡಿಯಲ್ಲಿ ಬೆರಳ ತುದಿಯಷ್ಟು ಕಪ್ಪು ಕಲೆ.

"ಆಣಿ ಕಣೆ."

"ಕಪ್ಪಗಿದೆಯಲ್ಲ?"

"ಇಡೀ ದಿನ ನಿಂತ್ರೆ ರಕ್ತ ಹೆಪ್ಪುಗಟ್ಟದೆ ಇನ್ನೇನಾಗುತ್ತೆ?"

ಆಣಿ ಅವನಿಗೆ ಹೊಸದಲ್ಲ. ಪೊಲೀಸರ, ಅಂಚೆಯವರ ಆಣಿಗಳಿಗೆಲ್ಲ ಚಪ್ಪಲಿಯಲ್ಲೇ ಜಾಗ ಮಾಡಿಕೊಟ್ಟಿದ್ದ. ಕಲೆಗೆ ಸೀಮೆಸುಣ್ಣ ಬಳಿದು ಅವಳನ್ನು ಚಪ್ಪಲಿಯ ಅಟ್ಟೆಯ ಮೇಲೆ ನಿಲ್ಲಿಸಿದ. ಬಿಳಿ ಗುರುತು ಮೂಡಿದ ಕಡೆ ಗುಂಡಿ ಕೆತ್ತಿ, ಸ್ಪಂಜು ತುಂಬಿ, ಮೇಲೊಂದು ತೆಳು ಚರ್ಮ ಅಂಟಿಸಿದ. ಅವಳು ಮೆಟ್ಟಿಕೊಂಡು ಅಡುಗೆಮನೆಗೆ ಹೋಗಿ ಬಂದಳು.

"ಅಯ್ಯೋ, ಕಾಲೇ ಇಲ್ಲದ ಹಾಗಿದೆ!" ಎಂದು ನಕ್ಕಳು.

ನೋವು ಹೋಯಿತು. ಕಲೆ ಹೋಗಲಿಲ್ಲ. ಅದು ಹಿಗ್ಗಿ ಒತ್ತತೊಡಗಿದಾಗೆಲ್ಲ ಅವಳು ಚಪ್ಪಲಿ ತಂದು ಅವನ ಮುಂದಿಡುವಳು. ಅವನು ಅದೇ ದಿನ ಗುಂಡಿಯನ್ನೂ ಅಷ್ಟೇ ಹಿಗ್ಗಿಸಿ ಕೊಡುವನು.

*

ಕೊನೆಗೂ ಡಾಕ್ಟರ ಬಳಿ ಹೋದದ್ದು ಅವಳ ಕಾಲಿಗಲ್ಲ, ಅವನ ಕತ್ತಿನ ನರಹುಲಿಗೆ.

"ಕಾಲರ್ ಉಜ್ಜಿ ಉಜ್ಜಿ ಹೇಗಾಗಿದೆ ನೋಡಿ ಡಾಕ್ಟ್ರೇ. ಏನು ಕೆಟ್ಟದ್ದೋ ಅಂತ ನನಗೆ ನಿದ್ದೆ ಇಲ್ಲ. ಇವರಿಗೋ, ಹೇಳಿದ್ರೆ ಒಂದು ಕಿವೀಲಿ ಕೇಳಿ ಇನ್ನೊಂದು ಕಿವೀಲಿ ಬಿಡ್ತಾರೆ."

ಚರ್ಮದ ಡಾಕ್ಟರು ಮಸೂರ ಹಿಡಿದು ನೋಡಿದರು. "ಮೆತ್ತಗಿದೆ, ಒಂದೇ ಬಣ್ಣ, ಬೆಳೆದೂ ಇಲ್ಲ. ಇಂಥದ್ದು ಹತ್ತು ಇದ್ರೂ ಹೆದರಬೇಕಿಲ್ಲಮ್ಮ." ಮರಗಟ್ಟುವ ಸೂಜಿ ಚುಚ್ಚಿ, ಚಿಟಿಕೆ ಹೊಡೆಯುವಷ್ಟರಲ್ಲಿ ಕತ್ತರಿಸಿ ತೆಗೆದರು.

"ಇಷ್ಟೇನಾ! ಹಾಗಾದ್ರೆ ಈ ಹಾಳು ಆಣೀನೂ ತೆಗೆದುಬಿಡಿ," ಎಂದು ಅವಳು ಹೊರಟವಳು ಮತ್ತೆ ಕೂತಳು.

ಡಾಕ್ಟರು ಈ ಸಲ ಬಹಳ ಹೊತ್ತು ನೋಡಿದರು. ಕಪ್ಪು, ಕಂದು, ನಡುವೆ ನೀಲಿ. ಒಂದು ಬದಿಯ ಅಂಚು ಶಾಯಿ ಹರಡಿದ ಹಾಗೆ.

"ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸ್ತೀನಿ. ಉತ್ತರ ಬರೋವರೆಗೆ ಏನೂ ಹೇಳೋಕಾಗಲ್ಲ. ಇಷ್ಟು ದಿನ ನೋವಿರಲಿಲ್ವಾ?"

"ಎಲ್ಲಿಯ ನೋವು! ನಮ್ಮೆಜಮಾನ್ರು ಮಾಡಿಕೊಟ್ಟದ್ದು ನೋಡಿ." ಅವಳು ಚಪ್ಪಲಿ ಎತ್ತಿ ಹಿಡಿದಳು. "ಇದಿಲ್ದಿದ್ರೆ ಯಾವತ್ತೋ ನಿಮ್ಮ ಹತ್ರ ಓಡಿ ಬರ್ತಿದ್ದೆ."

ಡಾಕ್ಟರು ಅದರ ಗುಂಡಿಯನ್ನು ಬೆರಳಿನಿಂದ ಒತ್ತಿದರು. ಸ್ಪಂಜು ಇಳಿದು ಮತ್ತೆ ಮೇಲೆದ್ದಿತು. ಅವನತ್ತ ನೋಡದೆ ಚಪ್ಪಲಿಯನ್ನು ನೆಲಕ್ಕಿಟ್ಟರು.

ಉತ್ತರ ಬಂದಾಗ ಅದಕ್ಕೆ ಕ್ಯಾನ್ಸರೆಂದು ಹೆಸರಿತ್ತು. ತೊಡೆಸಂದಿಯ ಗಂಟಿಗೂ ಅದು ಆಗಲೇ ಹಬ್ಬಿತ್ತು. ಗುಂಡಿಯ ಬಗ್ಗೆ ಡಾಕ್ಟರು ಯಾವತ್ತೂ ಏನೂ ಅನ್ನಲಿಲ್ಲ. ಅಂದಿದ್ದರೆ ಜಗಳವಾದರೂ ಆಡಬಹುದಿತ್ತು. ಅವಳಂತೂ ಹಾಸಿಗೆ ಹಿಡಿದ ಮೇಲೂ, ನೋಡಲು ಬಂದವರಿಗೆಲ್ಲ ಆ ಚಪ್ಪಲಿಯ ಕತೆಯನ್ನು ಹೆಮ್ಮೆಯಿಂದ ಹೇಳುತ್ತಿದ್ದಳು.

*

ಸಂಜೆಗೆ ಎಲ್ಲ ಮುಗಿದಿತ್ತು. ಬಾಡಿಗೆ ಕುರ್ಚಿಗಳನ್ನು ಯಾರೋ ಒಂದರ ಮೇಲೊಂದು ಪೇರಿಸುತ್ತಿದ್ದರು. ಅವನು ಮೂಲೆಯ ಸ್ಟೂಲಿನ ಮೇಲೆ, ಕೆಲಸದ ಪೆಟ್ಟಿಗೆಯ ಪಕ್ಕ ಸುಮ್ಮನೆ ಕೂತಿದ್ದ. ನಾದಿನಿ ಟೀ ತಂದು ಕೊಟ್ಟಳು. ಲೋಟ ಅವನ ಕೈಯಲ್ಲೇ ಆರಿತು.

"ಹೀಗೆ ಕೂತ್ರೆ ಹೇಗೆ ಭಾವ? ಏನಾದ್ರೂ ಕೆಲಸ ಹಿಡೀರಿ, ಮನಸ್ಸು ಹಗುರಾಗುತ್ತೆ." ಅವಳು ತನ್ನ ಬಲಗಾಲಿನ ಚಪ್ಪಲಿಯನ್ನು ಮುಂದೆ ಚಾಚಿದಳು. "ಅಕ್ಕನಿಗೆ ಮಾಡಿದ್ರಲ್ಲ, ಇದಕ್ಕೂ ಅದೇ ಥರ ಮಾಡ್ಕೊಡಿ. ಬೆಳಗಿಂದ ನಿಂತು ನಿಂತು ಪ್ರಾಣ ಹೋಗ್ತಿದೆ."

"ಕಾಲು ತೋರಿಸು."

ಅವಳು ಕಾಲೆತ್ತಿ ಪೆಟ್ಟಿಗೆಯ ಮೇಲಿಟ್ಟಳು. ಹಿಮ್ಮಡಿಯಲ್ಲಿ ಸೀಮೆಸುಣ್ಣ. ಅವನು ಹೆಬ್ಬೆರಳಿನಿಂದ ಒರೆಸಿದ. ಹಳದಿ, ಗಟ್ಟಿ, ಮೊಳೆಯ ತಲೆಯಂತೆ ದುಂಡಗೆ. ಆಣಿಯೇ. ಆದರೆ ಆಣಿ ಎಂದು ಹೇಳುತ್ತಿದ್ದದ್ದು ಅಂದೂ ಹಾಗೆಯೇ ಹೇಳಿದ್ದ ಅವನ ಅದೇ ಕಣ್ಣು.

"ನಾಳೆ ಡಾಕ್ಟರಿಗೆ ತೋರಿಸು."

"ಅಯ್ಯೋ, ಇದು ಅಕ್ಕನ ಥರದ್ದಲ್ಲ, ಬರೀ ಆಣಿ. ನನ್ನ ಕಾಲು ನನಗೆ ಗೊತ್ತಿಲ್ವಾ? ಬಿಡುವಾದಾಗ ತೋರಿಸ್ತೀನಿ. ಅಲ್ಲೀವರೆಗೆ ಒಂಚೂರು ಆರಾಮಾಗಿದ್ರೆ ಸಾಕು." ಅವಳು ಚಪ್ಪಲಿಯನ್ನು ಅವನ ಮಡಿಲಿಗೇ ಇಟ್ಟಳು. "ನಿಂತು ಗುರುತೂ ಹಾಕಿದ್ದೀನಿ ನೋಡಿ. ಅಕ್ಕನೇ ಹೇಳಿಕೊಟ್ಟದ್ದು."

ಅಟ್ಟೆಯ ಮೇಲೆ, ಸರಿಯಾದ ಜಾಗದಲ್ಲಿ, ಬಿಳಿಯ ಒಂದು ಚುಕ್ಕೆ.

ಅವನು ಚಪ್ಪಲಿಯನ್ನು ಅವಳ ಕೈಗೇ ಹಿಂತಿರುಗಿಸಿದ.

"ಮಾಡಲ್ಲ."

"ನೋಯುತ್ತೆ ಭಾವ."

"ನೋಯಲಿ."