ಬೆಲ್ಲನ ಬಲಮಗ್ಗುಲು

ಅರ್ಧ ಕಟ್ಟಿದ ಕುಚ್ಚಿನ ಸೀರೆಯನ್ನು ನಾನು ಮನೆಯಿಂದ ಆಚೆ ಕಳಿಸುವುದಿಲ್ಲ. ಮದುವೆ ನಾಳೆಯೇ ಇರಲಿ, ಗಿರಾಕಿ ಬಾಗಿಲಲ್ಲಿ ನಿಂತು ಕಣ್ಣೀರು ಹಾಕಲಿ, ಸೆರಗಿನ ಕೊನೆಯ ಕುಚ್ಚು ಕಟ್ಟಿ, ಬಾಚಿ, ತುದಿ ಕತ್ತರಿಸಿದ ಮೇಲೇ ಸೀರೆ ಕೈ ಬದಲಾಗುವುದು. ಇಪ್ಪತ್ತೆರಡು ವರ್ಷದಿಂದ ವಿಜಯನಗರದ ಈ ಮನೆಯ ಮುಂದಿನ ಕೋಣೆಯಲ್ಲಿ ಕೂತು ಇದೇ ಕೆಲಸ ಮಾಡುತ್ತಿದ್ದೇನೆ. ಹಂಪಿನಗರದಿಂದ ಅತ್ತಿಗುಪ್ಪೆಯವರೆಗೆ ಯಾರನ್ನಾದರೂ ಕೇಳಿ, ಕುಚ್ಚಿನ ವರಲಕ್ಷ್ಮಿಯ ಮನೆ ತೋರಿಸುತ್ತಾರೆ. ಜೊತೆಗೆ, "ಬಾಯಿ ಸ್ವಲ್ಪ ಜೋರು, ಆದ್ರೆ ಕೆಲಸ ನೀಟು" ಅಂತಲೂ ಹೇಳುತ್ತಾರೆ. ಹೇಳಲಿ ಬಿಡಿ, ಎರಡೂ ನಿಜವೇ.

ಇಂಥ ಮನೆಗೆ ನಮ್ಮ ಯಜಮಾನರು ನಾಯಿ ತಂದರು.

ಯಜಮಾನರ ಹೆಸರು ರವಿಕುಮಾರ್. ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದು ಮಾರ್ಚಿನಲ್ಲಿ ನಿವೃತ್ತರಾದರು. ಒಂದು ವಾರ ಪೇಪರನ್ನು ಮೂರು ಮೂರು ಸಲ ಓದಿದರು. ಎಂಟನೆಯ ದಿನ ಹೊರಗೆ ಹೋದವರು ಒಂದು ನಾಯಿಯನ್ನು ಹಿಡಿದುಕೊಂಡು ಬಂದರು. ಅದೇ ಶಾಲೆಯ ಮೇಷ್ಟ್ರೊಬ್ಬರು ಬೇರೆ ಮನೆಗೆ ಹೋಗುತ್ತಿದ್ದರಂತೆ, ಅಲ್ಲಿನ ಓನರು ನಾಯಿ ಬೇಡ ಎಂದರಂತೆ. ಗೋಲ್ಡನ್ ರಿಟ್ರೀವರ್ ಅಂತ ಜಾತಿ, ನಾಲ್ಕು ವರ್ಷದ ಗಂಡು. ಕರುವಿನಷ್ಟು ಗಾತ್ರ, ಗೇಣುದ್ದ ಕೂದಲು, ಮಂಡ್ಯದ ಬೆಲ್ಲದ ಬಣ್ಣ. ಹೆಸರೂ ಬೆಲ್ಲನೇ.

"ಪಾಪ ಕಣೇ, ತುಂಬಾ ಸಾಧು," ಎಂದರು ಯಜಮಾನರು.

ಸಾಧುವೇನೋ ಹೌದು. ಆದರೆ ಶಿವನೇ, ಆ ಕೂದಲು! ಮೇ ತಿಂಗಳು ಬಂದಿದ್ದೇ ತಡ, ಉದುರಲು ಶುರುವಾಯಿತು ನೋಡಿ. ಬೆಳಗ್ಗೆ ಗುಡಿಸಿದರೆ ಒಂದು ಮೊರ, ಮಧ್ಯಾಹ್ನ ಗುಡಿಸಿದರೆ ಇನ್ನೊಂದು ಮೊರ. ಫ್ಯಾನು ಹಾಕಿದರೆ ಮೂಲೆಯಲ್ಲಿದ್ದದ್ದೆಲ್ಲ ಎದ್ದು ದೇವರ ಮನೆಗೆ ಹೋಗುತ್ತಿತ್ತು. ಚಪಾತಿಯಲ್ಲಿ ಕೂದಲು, ಒಗೆದ ಬಟ್ಟೆಯಲ್ಲಿ ಕೂದಲು, ಫ್ರಿಜ್ಜಿನೊಳಗಿನ ಮೊಸರಿನ ಪಾತ್ರೆಯಲ್ಲೂ ಕೂದಲು. ಮುಚ್ಚಿದ ಫ್ರಿಜ್ಜಿಗೆ ಅದು ಹೇಗೆ ಹೋಯಿತೋ ನನಗಂತೂ ಇವತ್ತಿಗೂ ಅರ್ಥವಾಗಿಲ್ಲ.

ನಾನು ಕೂಗಾಡಿದ್ದಕ್ಕೆ ಯಜಮಾನರು ತಮ್ಮ ಬುದ್ಧಿ ಓಡಿಸಿದರು. ಬೆಲ್ಲನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಸೀಗೆಪುಡಿ ಹಾಕಿ ಗಸಗಸ ತಿಕ್ಕಿ ಸ್ನಾನ ಮಾಡಿಸಿದರು. ಬಾಚಲಿಲ್ಲ, ಸರಿಯಾಗಿ ಒರೆಸಲೂ ಇಲ್ಲ. ಒಣಗಿದ ಮೇಲೆ ಕಿವಿಯ ಹಿಂದೆ, ತೊಡೆಯ ಹಿಂದೆ ಕೂದಲೆಲ್ಲ ಕಂಬಳಿಯ ಹಾಗೆ ಗಂಟು ಕಟ್ಟಿಕೊಂಡಿತು. ಉದುರುವುದೇನು ನಿಂತಿತೇ? ಇಲ್ಲ. ಗಂಟುಗಳಷ್ಟೇ ಲಾಭ.

ಆ ಸೋಮವಾರ ರಾಗಿಣಿ ಮೇಡಂ ಬಂದರು. ಮಗಳ ಮದುವೆಗೆ ಐದು ಸೀರೆ ಕೊಟ್ಟಿದ್ದರು. ನಾಲ್ಕನ್ನು ಹಿಂದಿನ ದಿನವೇ ತೆಗೆದುಕೊಂಡು ಹೋಗಿದ್ದರು. ಐದನೆಯದು ಧಾರೆ ಸೀರೆ, ಸೆರಗಿನ ಅರ್ಧ ಇನ್ನೂ ಬಾಕಿ ಇತ್ತು. ಮುಖ ಗಂಟು ಹಾಕಿಕೊಂಡು ಆ ನಾಲ್ಕನ್ನೂ ವಾಪಸ್ ತಂದವರೇ ಒಂದು ಸೀರೆ ಬಿಚ್ಚಿ ನನ್ನ ಮೂಗಿನ ಮುಂದೆ ಹಿಡಿದರು. ಬಂಗಾರದ ಬಣ್ಣದ ಕುಚ್ಚು, ನಾನೇ ಕಟ್ಟಿದ್ದು. ಅದರ ನಡುವಿನಿಂದ ಬಂಗಾರದ್ದೇ ಬಣ್ಣದ ನಾಲ್ಕು ಕೂದಲು ಸೆಟೆದು ನಿಂತಿದ್ದವು.

"ಏನಿದು ವರಲಕ್ಷ್ಮಮ್ಮ? ನಾಯಿ ಕೂದಲು! ನನ್ ಮಗಳು ಸೆರಗು ಹೊದ್ದು ನೋಡಿ ಕತ್ತು ಕೆರ್ಕೊಂಡ್ಳು ಗೊತ್ತಾ?"

ದಾರದ ಬಣ್ಣವೂ ಬೆಲ್ಲನ ಬಣ್ಣವೂ ಒಂದೇ ಆಗಿದ್ದರಿಂದ ಕಣ್ಣಿಗೆ ಬಿದ್ದೇ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೆಲಸಕ್ಕೆ ಒಬ್ಬರೂ ಬೆರಳು ತೋರಿಸಿರಲಿಲ್ಲ. ನಾಚಿಕೆಯಿಂದ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ಧಾರೆ ಸೀರೆ ಇದ್ದ ಹಾಗೇ ಕೊಟ್ಬಿಡಿ. ಬೇರೆಯವರ ಹತ್ರ ಮುಗಿಸ್ಕೋತೀನಿ," ಎಂದರು.

"ಅರ್ಧ ಕೆಲಸದ್ದು ಕೊಡಲ್ಲ ಮೇಡಂ. ನಾಲ್ಕೂ ಇಲ್ಲೇ ಬಿಡಿ, ಪ್ರತಿ ಕುಚ್ಚೂ ಬಿಚ್ಚಿ ನೋಡ್ತೀನಿ. ಭಾನುವಾರ ಬೆಳಗ್ಗೆ ಐದೂ ನಿಮ್ ಕೈಲಿರುತ್ತೆ. ಅದ್ರಲ್ಲಿ ಒಂದು ನಾಯಿ ಕೂದಲು ಸಿಕ್ರೂ ಈ ಸೂಜಿ ಮತ್ತೆ ಮುಟ್ಟಲ್ಲ."

ಬಾಯಿಂದ ಬಂದೇಬಿಟ್ಟಿತು. ನನ್ನ ಬಾಯಿಯೇ ಹಾಗೆ.

ರಾಗಿಣಿ ಮೇಡಂ ಹೋದ ಮೇಲೆ ನಾನು ಮೈದುನ ಮಹದೇವನಿಗೆ ಫೋನ್ ಮಾಡಿದೆ. ಅವನು ಇಲ್ಲೇ ಊರಂಚಿನ ಉಲ್ಲಾಳದಲ್ಲಿದ್ದಾನೆ, ಮನೆಯ ಸುತ್ತ ಕಾಂಪೌಂಡು, ಜಾಗ ಉಂಟು. ಬೆಲ್ಲನನ್ನು ಭಾನುವಾರ ಬಂದು ಕರೆದುಕೊಂಡು ಹೋಗು ಎಂದೆ. ಅವನು ಖುಷಿಯಿಂದ ಒಪ್ಪಿದ. ಯಜಮಾನರು ಬಾಗಿಲ ಬಳಿ ನಿಂತು ಎಲ್ಲ ಕೇಳಿಸಿಕೊಂಡರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವರು ಹೋಗಿ ಬೆಲ್ಲನ ಪಕ್ಕ ನೆಲದ ಮೇಲೆ ಕೂತರು.

ಮರುದಿನ ಬೆಳಗ್ಗೆ ನೋಡುತ್ತೇನೆ, ಇಬ್ಬರೂ ನಾಪತ್ತೆ. ಗೇಟಿನ ಹತ್ತಿರ ಸೊಪ್ಪಿನ ಗಾಡಿಯವನು, "ಸಾರ್ ನಾಯಿ ಕರ್ಕೊಂಡು ಕಟಿಂಗ್ ಶಾಪ್ ಕಡೆ ಹೋದ್ರಕ್ಕ," ಎಂದ. ಮಂಗಳವಾರ ಕಟಿಂಗ್ ಶಾಪಿಗೆ ರಜ. ರಜದ ದಿನ, ಅದೂ ನಾಯಿ ಜೊತೆ, ಇವರಿಗೆ ಅಲ್ಲೇನು ಕೆಲಸ? ಕೈಯಲ್ಲಿದ್ದ, ಕುಚ್ಚು ಹೆಣೆಯುವ ಕ್ರೋಶಾ ಕಡ್ಡಿಯನ್ನೂ ಇಡದೆ ಓಡಿದೆ.

ಅಂಗಡಿಯ ಷಟರು ಅರ್ಧ ಇಳಿದಿತ್ತು. ಬಗ್ಗಿ ಒಳಗೆ ನುಗ್ಗಿದೆ. ತಿರುಗುವ ಕುರ್ಚಿಯ ಮೇಲೆ ಬೆಲ್ಲ ಕೂತಿದ್ದ. ಕುತ್ತಿಗೆಗೆ ಬಿಳಿ ಬಟ್ಟೆ ಸುತ್ತಿ ಹಿಂದೆ ಗಂಟು ಹಾಕಿದ್ದರು. ಥೇಟ್ ರಿಟೈರಾದ ತಹಶೀಲ್ದಾರರ ಹಾಗೆ ಕನ್ನಡಿ ನೋಡುತ್ತಿದ್ದ. ಅಂಗಡಿಯ ಚನ್ನಕೇಶವ ಮಷಿನ್ ಹಿಡಿದು ಬೆವರುತ್ತಿದ್ದ.

"ಅಕ್ಕಾ, ನಾನು ಬೇಡ ಅಂದೆ. ಸಾರೇ ಬಲವಂತ ಮಾಡಿದ್ದು!" ಎಂದ ನನ್ನನ್ನು ನೋಡಿದ ಕೂಡಲೇ.

"ಏನ್ರೀ ಇದು?" ಎಂದೆ.

"ಪೂರ್ತಿ ಬೋಳಿಸಿಬಿಡೋಣ ಅಂತ," ಎಂದರು ಯಜಮಾನರು ನೆಲ ನೋಡುತ್ತಾ. "ಕೂದಲೇ ಇಲ್ದಿದ್ರೆ ಉದುರೋದೇನು ಹೇಳು? ತಿರುಪತಿಗೆ ಹೋಗಿ ಬಂದವರ ಥರ ಇರ್ತಾನೆ. ಆಗ್ಲಾದ್ರೂ ನೀನು ಇರ್ಲಿ ಅಂತೀಯೇನೋ ಅಂತ..."

ಮೂವತ್ತು ವರ್ಷ ಸಂಸಾರ ಮಾಡಿದ ಮನುಷ್ಯ ನನ್ನ ಹತ್ತಿರ ಬಾಯಿ ಬಿಟ್ಟು ಕೇಳಲಾರದೆ ಕಟಿಂಗ್ ಶಾಪಿಗೆ ಬಂದಿದ್ದಾರಲ್ಲ! ಅಷ್ಟರಲ್ಲಿ ಬೆಲ್ಲ ಕುಂಯ್ ಎಂದ. ಕಿವಿಯ ಹಿಂದಿನ ಗಂಟಿಗೆ ಮಷಿನ್ ಸಿಕ್ಕಿಕೊಂಡು ನಿಂತಿತ್ತು. ಚನ್ನಕೇಶವ ಎಳೆಯಲು ಹೋದ.

"ಏಯ್, ಕೈ ತೆಗಿ! ಎಳೀಬೇಡ!" ಎಂದು ಕಿರುಚಿದೆ.

ನನ್ನಮ್ಮ ಬಿನ್ನಿಪೇಟೆಯ ಮಿಲ್ಲಿನಲ್ಲಿ ನೂಲು ಸುತ್ತುವ ಕೆಲಸದಲ್ಲಿದ್ದಳು. ನನಗೆ ದಾರ ಹಿಡಿಯಲು ಕಲಿಸಿದವಳೇ ಅವಳು. ಸಿಕ್ಕನ್ನು ಬುಡದಿಂದ ಎಳೆಯಬಾರದು, ತುದಿಯಿಂದ ಬಿಡಿಸುತ್ತ ಬುಡಕ್ಕೆ ಬರಬೇಕು, ಒದ್ದೆ ಮಾಡಿದರೆ ಇನ್ನೂ ಬಿಗಿಯುತ್ತದೆ, ಯಾರ ಮೇಲೆ ಬೇಕಾದರೂ ರೇಗು, ಸಿಕ್ಕಿನ ಮೇಲೆ ಮಾತ್ರ ರೇಗಬೇಡ ಅನ್ನುತ್ತಿದ್ದಳು. ಈ ಒಂದು ಮಾತನ್ನು ನಾನು ಜೀವನಪೂರ್ತಿ ಪಾಲಿಸಿದ್ದೇನೆ. ಪ್ರಪಂಚದ ಮೇಲೆಲ್ಲ ರೇಗಿದ್ದೇನೆ, ದಾರದ ಮೇಲೆ ರೇಗಿಲ್ಲ.

ಮೊದಲು ಮಷಿನ್ ಬಿಡಿಸಿದೆ. ಬೆಲ್ಲನನ್ನು ಕೆಳಗಿಳಿಸಿ, ಅಂಗಡಿಯ ನೆಲದ ಮೇಲೆಯೇ ಕೂತು, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಎಡಗೈಯಲ್ಲಿ ಗಂಟಿನ ಬುಡವನ್ನು ಚರ್ಮಕ್ಕೆ ಎಳೆತ ತಾಗದ ಹಾಗೆ ಬಿಗಿಯಾಗಿ ಹಿಡಿದೆ. ಬಲಗೈಯ ಕ್ರೋಶಾ ಕಡ್ಡಿಯಿಂದ ತುದಿಯ ನಾಲ್ಕು ಎಳೆ, ಮತ್ತೆ ನಾಲ್ಕು ಎಳೆ ಬಿಡಿಸುತ್ತ ಹೋದೆ. ಮೊದಲು ನಡುಗುತ್ತಿದ್ದ. ಆಮೇಲೆ ಉಸಿರು ನಿಧಾನವಾಯಿತು. ಎರಡನೆಯ ಕಿವಿಗೆ ಬರುವಷ್ಟರಲ್ಲಿ ಗೊರಕೆ ಹೊಡೆಯುತ್ತಿದ್ದ, ಕಳ್ಳ!

ಕೂದಲು ಸರಿಸಿ ನೋಡಿದಾಗ ನನಗೆ ಹೊಸ ವಿಷಯ ತಿಳಿಯಿತು. ಬೆಲ್ಲನ ಮೈಮೇಲೆ ಎರಡು ಥರದ ಕೂದಲಿತ್ತು. ಮೇಲಿನದು ರೇಷ್ಮೆ ಎಳೆಯಂತೆ ಉದ್ದ, ನಯ. ಅದರ ಕೆಳಗೆ ಹಿಂಜಿದ ಹತ್ತಿಯಂಥ ಮೆತ್ತನೆಯ ಇನ್ನೊಂದು ಪದರ. ಉದುರುತ್ತಿದ್ದುದು ಬಹುಪಾಲು ಆ ಒಳಗಿನದೇ. ಆಚೆ ಬರಲು ದಾರಿಯಿಲ್ಲದೆ ಅದೇ ಗಂಟಾಗುತ್ತಿತ್ತು, ದಾರಿ ಸಿಕ್ಕಿದಾಗ ನನ್ನ ಮೊಸರಿಗೆ ಬೀಳುತ್ತಿತ್ತು.

ಮನೆಗೆ ಬಂದು ನಾಯಿ ಡಾಕ್ಟರು ನಾಗಭೂಷಣ್ ಅವರಿಗೆ ಫೋನ್ ಮಾಡಿದೆ. ವಿಷಯ ಕೇಳಿ ಗಾಬರಿಯಾದರು.

"ಸದ್ಯ, ಬೋಳಿಸಲಿಲ್ವಲ್ಲ! ಈ ಜಾತಿಗೆ ಬೋಳಿಸಲೇಬಾರದಮ್ಮ. ಬಿಸಿಲಿಂದ ಚರ್ಮ ಕಾಪಾಡೋದೇ ಆ ಕೂದಲು. ಬೋಳಿಸಿದ್ರೆ ಮತ್ತೆ ಮೊದಲಿನ ಹಾಗೆ ಬೆಳೆಯುತ್ತೆ ಅಂತ ಹೇಳೋಕಾಗಲ್ಲ. ಉದ್ದ ಹಲ್ಲಿನ ಸ್ಟೀಲ್ ಬಾಚಣಿಗೆ ತಗೊಂಡು ದಿನಾ ಬಾಚಿ. ಸ್ನಾನಕ್ಕೆ ಮುಂಚೆ ಬಾಚಿ, ಸ್ನಾನ ಆದ್ಮೇಲೆ ಪೂರ್ತಿ ಒಣಗಿಸಿ ಮತ್ತೆ ಬಾಚಿ."

ಯಜಮಾನರು ಚಂದ್ರಾ ಲೇಔಟಿಗೆ ಹೋಗಿ ಬಾಚಣಿಗೆ ತಂದರು. ಅಂದೇ ಸಂಜೆ ತಾರಸಿಯ ಮೇಲೆ ಹಳೇ ಬೆಡ್‌ಶೀಟ್ ಹಾಸಿ ಶುರು ಮಾಡಿದೆ. ಸೆರಗನ್ನು ಹೇಗೆ ಸಾಲು ಸಾಲಾಗಿ ಹಂಚಿಕೊಳ್ಳುತ್ತೇನೋ ಹಾಗೆಯೇ ಬೆಲ್ಲನನ್ನೂ ಹಂಚಿಕೊಂಡೆ. ಕೂದಲನ್ನು ಮೇಲಕ್ಕೆತ್ತಿ ಹಿಡಿದು, ಕೆಳಗಿನಿಂದ ಒಂದೊಂದೇ ಗೆರೆ ಬಿಟ್ಟುಕೊಳ್ಳುತ್ತ, ಕೂದಲು ಬೆಳೆದ ದಿಕ್ಕಿಗೇ ಬಾಚುವುದು. ಬುಧವಾರ ಹಿಂಗಾಲು, ಬಾಲ. ಗುರುವಾರ, ಶುಕ್ರವಾರ ಎಡಮಗ್ಗುಲು. ಒಳಗಿನ ಹತ್ತಿ ಬುಟ್ಟಿಗಟ್ಟಲೆ ಬಂತು. ಪಕ್ಕದ ತಾರಸಿಯ ಅಂಜನಮ್ಮ ಇಣುಕಿ, "ವರಲಕ್ಷ್ಮಿ, ಹೊಸ ಹಾಸಿಗೆ ಹೊಲಿಸ್ತಿದೀಯಾ?" ಎಂದು ಕೇಳಿದರು.

ಬಾಚಿ ಮುಗಿದ ಮೇಲೆ ಕೈಕಾಲು ತೊಳೆದು, ಸೀರೆ ಬದಲಿಸಿ, ಕೆಲಸದ ಕೋಣೆಯ ಬಾಗಿಲು ಹಾಕಿಕೊಂಡು ರಾಗಿಣಿ ಮೇಡಂ ಸೀರೆಗಳ ಮುಂದೆ ಕೂರುತ್ತಿದ್ದೆ. ಬೆಲ್ಲ ಬಾಗಿಲ ಆಚೆ ಮಲಗಿರುತ್ತಿದ್ದ. ಬಾಗಿಲ ಸಂದಿಯಿಂದ ಮೂಗು ಮಾತ್ರ ಕಾಣುತ್ತಿತ್ತು. ಶುಕ್ರವಾರ ಮನೆ ಗುಡಿಸಿದರೆ ಮೊರದಲ್ಲಿ ಒಂದು ಹಿಡಿಯಷ್ಟೂ ಇರಲಿಲ್ಲ. ಬಾಚುವಾಗ ನಾನು ಅವನ ಹತ್ತಿರ ಮಾತಾಡಲು ಶುರು ಮಾಡಿದ್ದೆ. ಗಿರಾಕಿಗಳ ಮೇಲಿನ ಸಿಟ್ಟು, ಮಂಡಿ ನೋವು, ಎಲ್ಲ ಹೇಳಿದೆ. ಅವನು ಒಂದಕ್ಕೂ ಎದುರಾಡಲಿಲ್ಲ. ಅಂಥವರು ಈ ಮನೆಗೆ ಬಂದದ್ದು ಅದೇ ಮೊದಲು.

ಶನಿವಾರ ಸಂಜೆ ಬಲಮಗ್ಗುಲೂ ಮುಗಿಯಿತು. ಬೆಲ್ಲ ಎದ್ದು ಮೈ ಕೊಡವಿದ, ಒಂದೇ ಒಂದು ಕೂದಲೂ ಹಾರಲಿಲ್ಲ. ಇಳಿಬಿಸಿಲಿಗೆ ಬೆಲ್ಲನ ಮೈ ಫಳಫಳ ಹೊಳೆಯುತ್ತಿತ್ತು.

"ಚೆನ್ನಾಗಿ ಕಾಣ್ತಿದಾನೆ. ಹೋಗೋ ಕಡೆ ನೀಟಾಗಿ ಹೋಗ್ಲಿ," ಎಂದರು ಯಜಮಾನರು. ಹೇಳಿ ಸರಸರನೆ ಮೆಟ್ಟಿಲಿಳಿದು ಹೋದರು. ನನಗೆ ಅಳು ಬಂತು. ಮಹದೇವನಿಗೆ ಬಾ ಎಂದು ಮಾತು ಕೊಟ್ಟವಳು ನಾನೇ, ಈಗ ಯಾವ ಮುಖ ಇಟ್ಟುಕೊಂಡು ಬೇಡ ಅನ್ನಲಿ?

ಭಾನುವಾರ ಹತ್ತು ಗಂಟೆಗೆ ರಾಗಿಣಿ ಮೇಡಂ, ಮಹದೇವ ಇಬ್ಬರೂ ಒಟ್ಟಿಗೇ ಬಂದರು. ಮಹದೇವನ ಕೈಯಲ್ಲಿ ಹೊಸ ಚೈನು. ಮೇಡಂ ಚಾಪೆಯ ಮೇಲೆ ಕೂತು, ಕನ್ನಡಕ ಏರಿಸಿ, ಮೊಬೈಲಿನ ಟಾರ್ಚು ಹಾಕಿ ಒಂದೊಂದೇ ಕುಚ್ಚು ಪರೀಕ್ಷೆ ಮಾಡಿದರು. ನಾಲ್ಕು ಸೀರೆ ಪಾಸಾದವು. ಧಾರೆ ಸೀರೆಯ ಸೆರಗಿನ ನಡುವೆ ಅವರ ಬೆರಳು ನಿಂತಿತು.

"ಸಿಕ್ತು! ಕೂದಲು!"

ಅವರು ಅದನ್ನು ಎರಡು ಬೆರಳಲ್ಲಿ ಹಿಡಿದು ಎಳೆದರು. ಬಂತು, ಬಂತು, ಬರುತ್ತಲೇ ಇತ್ತು. ಒಂದು ಮೊಳಕ್ಕಿಂತ ಉದ್ದ. ಅರ್ಧ ಬಿಳಿ, ಅರ್ಧ ಗೋದ್ರೆಜ್ ಡೈ ಹಚ್ಚಿದ ಕಪ್ಪು. ಎಲ್ಲರೂ ಬೆಲ್ಲನನ್ನು ನೋಡಿದರು. ಆಮೇಲೆ ನಿಧಾನವಾಗಿ ನನ್ನ ತುರುಬು ನೋಡಿದರು.

"ಹಾಗಾದ್ರೆ ಉಲ್ಲಾಳಕ್ಕೆ ಯಾರನ್ನ ಕಳಿಸೋದು?" ಎಂದರು ಯಜಮಾನರು.

ರಾಗಿಣಿ ಮೇಡಂ ಮೊದಲು ನಕ್ಕರು. ಅವರು ನಕ್ಕ ಮೇಲೆ ಮಹದೇವ, ಆಮೇಲೆ ತಡೆಯಲಾರದೆ ನಾನೂ. "ನಾಯಿ ಕೂದಲು ಅಂತ ತಾನೇ ನೀವು ಹೇಳಿದ್ದು, ಮಾತು ಉಳೀತು ಬಿಡಿ," ಎಂದು ಮೇಡಂ ಸೀರೆಗಳನ್ನು ಚೀಲಕ್ಕೆ ಹಾಕಿಕೊಂಡರು. ಹೋಗುವಾಗ ಬೆಲ್ಲನ ತಲೆ ಸವರಿ, ಕೈ ತಿರುಗಿಸಿ ನೋಡಿಕೊಂಡರು. ಕೈಗೆ ಏನೂ ಅಂಟಿರಲಿಲ್ಲ.

ಮಹದೇವ ಕಾಫಿ ಲೋಟ ಇಟ್ಟು ಎದ್ದ. "ಸರಿ ಅತ್ತಿಗೆ, ಹೊರಡ್ತೀವಿ. ಬಾರೋ ಬೆಲ್ಲ," ಎಂದು ಚೈನು ಬಿಚ್ಚಿದ. ಯಜಮಾನರು ಕಿಟಕಿಯ ಕಡೆ ತಿರುಗಿ ನಿಂತರು.

"ಇವತ್ತು ಆಗಲ್ಲ ಕಣೋ," ಎಂದೆ.

"ಯಾಕತ್ತಿಗೆ?"

"ಎಡಮಗ್ಗುಲು ಬಾಚಿ ಆಗಿದೆ, ಬಲಮಗ್ಗುಲು ಇನ್ನೂ ಬಾಕಿ ಇದೆ. ಅರ್ಧ ಕೆಲಸದ್ದು ನಾನು ಮನೆಯಿಂದ ಆಚೆ ಕಳಿಸಲ್ಲ ಅಂತ ನಿಂಗೊತ್ತಲ್ಲ."

ಯಜಮಾನರು ಗಕ್ಕನೆ ತಿರುಗಿದರು. ನಿನ್ನೆ ಸಂಜೆ ಬಲಮಗ್ಗುಲು ಮುಗಿದದ್ದನ್ನು ಅವರು ಕಣ್ಣಾರೆ ನೋಡಿದ್ದರು. ಬಾಯಿ ತೆರೆದರು. ನಾನು ಕಣ್ಣು ಬಿಟ್ಟೆ. ಬಾಯಿ ಮುಚ್ಚಿದರು.

"ಹೌದು ಮಹದೇವ," ಎಂದರು ಗಂಟಲು ಸರಿಮಾಡಿಕೊಂಡು. "ತುಂಬಾ ಬಾಕಿ ಇದೆ."

"ಸರಿ, ಮುಗಿಸಿ ಫೋನ್ ಮಾಡಿ, ಬಂದು ಕರ್ಕೊಂಡು ಹೋಗ್ತೀನಿ. ಎಷ್ಟು ದಿನ ಆಗಬಹುದು?"

"ಅದೇ ಕಣೋ ಕಷ್ಟ," ಎಂದೆ. "ಬಲಗಡೆ ಮುಗಿಸೋಷ್ಟರಲ್ಲಿ ಎಡಗಡೆ ಮತ್ತೆ ಉದುರೋಕೆ ಶುರುವಾಗುತ್ತೆ."

ಮಹದೇವ ನನ್ನ ಮುಖ ನೋಡಿದ, ಅಣ್ಣನ ಮುಖ ನೋಡಿದ. ಹೊಸ ಚೈನನ್ನು ಮೇಜಿನ ಮೇಲಿಟ್ಟು, "ಇನ್ನರ್ಧ ಲೋಟ ಕಾಫಿ ಕೊಡಿ ಅತ್ತಿಗೆ," ಎಂದು ಮತ್ತೆ ಕೂತ. ಯಜಮಾನರು ಆಗಲೇ ತಾರಸಿಗೆ ಬೆಡ್‌ಶೀಟ್ ಹಾಸಲು ಹೋಗಿದ್ದರು.