ಮುಂದಿನ ಸೀಟಿನ ದೀಪ

ಟಕ್ ಅಂದಿತು, ಮುರಿಯಿತೇ, ಇಲ್ಲ, ದೀಪದ ಪ್ಲಾಸ್ಟಿಕ್ ಮುಚ್ಚಳ ಒಂದು ಕಡೆ ಸಡಿಲಿದೆ ಅಷ್ಟೆ, ಒಣಗಿದ ನೊಣವೊಂದು ಉದುರಿ ಗಲ್ಲದ ಮೇಲೆ ಬಿತ್ತು, ಥೂ — ಹೊಲಿಗೆಯವನ ಕೈ ನನ್ನದು, ಗುಂಡಿ ಕಾಜ ಕಂಡ ಬೆರಳು, ಕಾರಿನ ಚಾವಣಿಗೆ ಕತ್ತೆತ್ತಿ ಕೂತು ಈ ಡಬ್ಬಿ ಬಿಚ್ಚುವುದೆಂದರೆ ಕುತ್ತಿಗೆ ಹಿಡಿದುಕೊಳ್ಳುತ್ತದೆ, ಬ್ಯಾಟರಿಯ ತಂತಿ ಬಿಚ್ಚಿದೆನಲ್ಲ, ಬಿಚ್ಚಿದೆ, ಮುಚ್ಚಳದೊಳಗೆ ಎರಡು ತಿರುಪು, ಒಂದು ಬಂತು, ಇನ್ನೊಂದು ತುಕ್ಕು ಹಿಡಿದು ಹಟ ಮಾಡುತ್ತಿದೆ. ಪಕ್ಕದ ಸೀಟಿನಲ್ಲಿ ಅವಳು, ಒಳಗೆ ಹೋಗೇ ಅಂದರೂ ಹೋಗಲಿಲ್ಲ, ಅಂದದ್ದು ಕಾಣಲಿಲ್ಲವೋ ಏನೋ, ಬಾಲ್ಯದಲ್ಲೇ ಕಿವಿ ಹೋದವಳು, ತುಟಿ ನೋಡಿಯೇ ಮಾತು ಹಿಡಿಯುವವಳು, ಮದುವೆಯಾದ ಹೊಸದರಲ್ಲಿ ನನ್ನ ಮೀಸೆ ತೆಗೆಸಿದ್ದಳು, ಮಾತಿಗೆ ಪರದೆ ಕಟ್ಕೊಂಡಿದೀರಲ್ರೀ ಅಂತ, ಅವತ್ತಿನಿಂದ ಬೋಳು ಮೋರೆ. ಮುಸ್ಸಂಜೆ ಅಂಗಡಿ ಮುಚ್ಚಿ ಇಬ್ಬರೂ ಮನೆಗೆ ಬರುವಾಗ ಈ ದೀಪ ಹಾಕಿದರೆ ತಾನೇ ನಮ್ಮ ಮಾತುಕತೆ, ಎದುರು ಗಾಡಿಯವರು ಬೈದರೆ ಬೈಯಲಿ, ದಿನದ ಚಾಡಿಯೆಲ್ಲ ಆಗಲೇ. ಆಮೇಲೆ ಶುರುವಾಯಿತು ಗೊಣಗಾಟ, ದೀಪ ಮಂಕಾಗಿದೆ ರೀ, ನೀವೇನಂತೀರೋ ತಿಳಿಯಲ್ಲ, ಮಂಕಾದದ್ದೂ ನಿಜ, ಮಿಣುಕಿ ಮಿಣುಕಿ ಆರಿಯೇ ಹೋಯಿತು — ಕಣ್ಣಿನ ಡಾಕ್ಟರು ಮಾತ್ರ ಬೇರೆಯೇ ಹೇಳಿದರು, ಇವರ ನೋಟ ಸವೆಯುತ್ತಾ ಇದೆ, ತಡೆಯೋ ಔಷಧಿ ನಮ್ಮ ಹತ್ರ ಇಲ್ಲ. ಅವಳು ನಕ್ಕಳು. ದೀಪ ಕೆಟ್ಟಿದ್ದಕ್ಕೆ ನನ್ನ ಕಣ್ಣಿನ ಮೇಲ್ಯಾಕೆ ದೂರು, ಮೊದಲು ದೀಪ ಸರಿ ಮಾಡಿ. ಆ ಮಾತು ನನಗೂ ಬೇಕಾಗಿತ್ತು, ಮುಳುಗುವವನಿಗೆ ಹುಲ್ಲುಕಡ್ಡಿ.

ಬಂತು ತಿರುಪು. ಡಬ್ಬಿ ಕೆಳಗೆಳೆದೆ, ಹಿಂದಿನ ಕ್ಲಿಪ್ಪು ಬಿಟ್ಟಿತು, ಪ್ಲಗ್ಗು ಕಿತ್ತು ತೊಡೆಯ ಮೇಲಿನ ಹಲಗೆಯಲ್ಲಿ ಇಟ್ಟು ನೋಡಿದರೆ ಸ್ವಿಚ್ಚಿನ ಪಕ್ಕ ಬೆಸುಗೆ ಬಿಟ್ಟು ತಂತಿ ಒಂದೆಳೆಯಲ್ಲಿ ನಿಂತಿದೆ, ಸಿಕ್ಕಿತು, ದೋಷ ದೀಪದಲ್ಲೇ ಇದೆ ನೋಡೇ, ದೀಪದಲ್ಲೇ, ಡಾಕ್ಟರಿಗೇನು ಗೊತ್ತು — ಸೂಜಿಗೆ ದಾರ ಪೋಣಿಸುವ ಹಾಗೆ ಕಾದ ಬೆಸುಗೆ ಕಡ್ಡಿಯನ್ನು ತಂತಿಗೆ ಮುಟ್ಟಿಸಿದೆ, ಹೊಗೆ, ಸುಟ್ಟ ವಾಸನೆ, ಅವಳು ಸೀನಿದಳು, ತಂತಿ ಕೂತಿತು, ಹೊಸ ಬಲ್ಬು, ಪ್ಲಗ್ಗು, ಇಳಿದು ಬ್ಯಾಟರಿ ಜೋಡಿಸಿ ಬಂದೆ, ತಿರುಪು ಆಮೇಲೆ ಬಿಗಿದರಾಯಿತು, ಮೊದಲು ಸ್ವಿಚ್ಚು.

ಹತ್ತಿತು. ಶೆಡ್ಡಿನ ಮಬ್ಬಿನಲ್ಲಿ ಬೆಳ್ಳಗೆ, ಚುಚ್ಚುವಷ್ಟು, ಸೀಟಿನ ಹೊಲಿಗೆಯ ಒಂದೊಂದು ಟಾಕೂ ಕಾಣುತ್ತಿದೆ, ಅವಳ ಕಡೆ ತಿರುಗಿ ತುಟಿ ಬಿಡಿಸಿ ಬಿಡಿಸಿ ಅಂದೆ, ಸರಿಹೋಯ್ತು ಕಣೇ, ಈಗ ಕಾಣುತ್ತಾ, ನಾನೇನಂತಿದೀನಿ ಹೇಳು. ಅವಳು ನನ್ನತ್ತಲೇ ಮುಖ ಮಾಡಿದ್ದಾಳೆ, ರೆಪ್ಪೆ ಬಡಿಯದೆ. ಹತ್ತಿತೇನ್ರೀ, ಅಂದಳು, ತನ್ನ ದನಿ ತನಗೆ ಕೇಳದವರ ಆ ಎತ್ತರದ ದನಿಯಲ್ಲಿ, ಇನ್ನೂ ಮಂಕಾಗೇ ಇದೆಯಲ್ಲ, ಏನಾದ್ರೂ ಅನ್ನಿ, ನೋಡೋಣ. ನಾನು ಅನ್ನುತ್ತಲೇ ಇದ್ದೆ. ಅವಳ ಕೈ ಎದ್ದಿತು, ಗಾಳಿಯಲ್ಲಿ ಒಂದು ಗಳಿಗೆ ತಡವರಿಸಿ ಕೆನ್ನೆಗೆ ತಾಗಿತು, ಗಲ್ಲಕ್ಕೆ ಇಳಿಯಿತು, ತುಟಿ ಸಿಕ್ಕಿದಲ್ಲಿ ನಿಂತಿತು, ತಣ್ಣನೆಯ ಬೆರಳು, ಹ್ಞೂಂ, ಹೇಳಿ, ಅಂದಳು, ಏನು ಹೇಳಲಿ, ತುಟಿಯ ಮೇಲೆ ಬೆರಳು, ಹೇಳಿ ಅಂದರೆ, ಬೆರಳು, ಕಾಯುತ್ತಿದೆ, ತುಟಿಯ ಮೇಲೆ, ಬೆರಳು